ಗಣಿತದ ಜಾತ್ರೆಗೆ ಯಾರನ್ನ ಕರೀಬೇಕು, ಯಾರನ್ನ ಬಿಡಬೇಕು?

2022ರ ಜುಲೈನಲ್ಲಿ ಜಗತ್ತಿನ ಗಣಿತಜ್ಞರೆಲ್ಲ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸೇರಬೇಕಿತ್ತು. ನಾಲ್ಕು ವರ್ಷಕ್ಕೊಂದ್ಸಲ ನಡೆಯೋ ಗಣಿತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನ, ಎಲ್ಲರೂ ಐಸಿಎಂ ಅಂತಾರೆ. ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು, ಎರಡೇ ದಿನಕ್ಕೆ ಅಂತಾರಾಷ್ಟ್ರೀಯ ಗಣಿತ ಒಕ್ಕೂಟ ಅಲ್ಲಿ ಮಾಡಲ್ಲ, ಪೂರ್ತಿ ಆನ್‌ಲೈನ್ ಅಂತ ಹೇಳ್ಬಿಡ್ತು. ಆದ್ರೆ ರಷ್ಯಾದ ಗಣಿತಜ್ಞರಿಗೆ ಬಾಗಿಲು ಹಾಕಲಿಲ್ಲ, ಅವರೂ ಸೇರಬಹುದಿತ್ತು. ನನಗೆ ಇದೇ ದೊಡ್ಡ ವಿಷಯ ಅನ್ಸೋದು, ಯಾಕಂದ್ರೆ ನೂರು ವರ್ಷದ ಹಿಂದೆ ನಡೆದಿದ್ದು ಇದಕ್ಕೆ ಪೂರ್ತಿ ಉಲ್ಟಾ.

ಮೊದಲನೇ ಸಮ್ಮೇಳನ 1897ರಲ್ಲಿ ಜ್ಯೂರಿಕ್‌ನಲ್ಲಿ, ಬಂದಿದ್ದು ಇನ್ನೂರು ಚಿಲ್ಲರೆ ಜನ. 1900ರಲ್ಲಿ ಪ್ಯಾರಿಸ್, ಅಲ್ಲೇ ಜರ್ಮನಿಯ ಡೇವಿಡ್ ಹಿಲ್ಬರ್ಟ್ ಮುಂದಿನ ಶತಮಾನಕ್ಕೆ ಅಂತ ಬಿಡಿಸದ ಸಮಸ್ಯೆಗಳನ್ನ ಇಟ್ಟಿದ್ದು, ಪಟ್ಟಿಯಲ್ಲಿ 23, ವೇದಿಕೆ ಮೇಲೆ ಹೇಳಿದ್ದು ಹತ್ತು. ಆಮೇಲೆ ಮಹಾಯುದ್ಧ ಬಂತು, 1916ರದ್ದು ನಡೀಲೇ ಇಲ್ಲ. 1920ರಲ್ಲಿ ಮತ್ತೆ ಸೇರಿದ್ದು ಸ್ಟ್ರಾಸ್‌ಬರ್ಗ್‌ನಲ್ಲಿ, ಜರ್ಮನಿ ಕೈಯಿಂದ ಫ್ರಾನ್ಸ್ ಆಗಷ್ಟೇ ವಾಪಸ್ ತಗೊಂಡಿದ್ದ ಊರು, ಜರ್ಮನ್ನರಿಗೆ, ಆಸ್ಟ್ರಿಯಾ, ಹಂಗೇರಿ, ಬಲ್ಗೇರಿಯಾದವರಿಗೆ ಪ್ರವೇಶವೇ ಇಲ್ಲ. ಆಗಿನ ಗಣಿತದಲ್ಲಿ ಜರ್ಮನ್ನರನ್ನ ಬಿಟ್ರೆ ಏನು ಉಳೀತು ಹೇಳಿ? ನಮ್ಮ ರಾಮಾನುಜನ್ ಅವರನ್ನ ಕೇಂಬ್ರಿಡ್ಜ್‌ಗೆ ಕರೆಸಿಕೊಂಡಿದ್ದ ಹಾರ್ಡಿ ಇದನ್ನ ಖಡಾಖಂಡಿತ ವಿರೋಧಿಸಿದ್ರು.

1924ರದ್ದನ್ನ ಅಮೆರಿಕದವರು ನ್ಯೂಯಾರ್ಕ್‌ನಲ್ಲಿ ಮಾಡ್ಬೇಕಿತ್ತು, ಈ ಬಹಿಷ್ಕಾರದ ಗಲಾಟೆಗೆ ಬೇಸತ್ತು ಕೈಬಿಟ್ರು, ಟೊರೊಂಟೋದ ಜಾನ್ ಚಾರ್ಲ್ಸ್ ಫೀಲ್ಡ್ಸ್ ಹೊಣೆ ಹೊತ್ಕೊಂಡ್ರು. ಅಲ್ಲೂ ಜರ್ಮನ್ನರಿಲ್ಲ. ಖರ್ಚು ಕಳೆದು ಮಿಕ್ಕ ದುಡ್ಡಲ್ಲೇ ಒಂದು ಪದಕ ಶುರುಮಾಡೋಣ, ಅದಕ್ಕೆ ಯಾವ ದೇಶದ, ಸಂಸ್ಥೆಯ, ವ್ಯಕ್ತಿಯ ಹೆಸರೂ ಅಂಟಬಾರದು ಅನ್ನೋದು ಫೀಲ್ಡ್ಸ್ ಆಸೆ. 1932ರಲ್ಲಿ ಅವರು ತೀರಿಕೊಂಡ್ರು, 1936ರಲ್ಲಿ ಓಸ್ಲೋದಲ್ಲಿ ಮೊದಲ ಪದಕ ಕೊಟ್ಟಿದ್ದಾಯ್ತು, ಇವತ್ತು ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಅದನ್ನ ಜನ ಮಾತ್ರ ಫೀಲ್ಡ್ಸ್ ಮೆಡಲ್ ಅಂತಲೇ ಕರೆದ್ರು.

ಗಂಟು ಬಿಚ್ಚಿದ್ದು 1928ರಲ್ಲಿ, ಇಟಲಿಯ ಬೊಲೋನ್ಯಾದಲ್ಲಿ. ಸಾಲ್ವಟೋರೆ ಪಿಂಕರ್ಲೆ ಅನ್ನೋ ಅಲ್ಲಿನ ಗಣಿತಜ್ಞರು ಹಠ ಹಿಡಿದು ಎಲ್ಲಾ ದೇಶದವರನ್ನೂ ಕರೆದ್ರು. ಜರ್ಮನಿಯಲ್ಲೂ ಹೋಗಬಾರದು ಅಂತ ಕೆಲವರು ಜಗಳ ತೆಗೆದ್ರು, ಆದ್ರೂ ಕಾಯಿಲೆ ಬಿದ್ದಿದ್ದ ಹಿಲ್ಬರ್ಟ್ 67 ಜನರನ್ನ ಕಟ್ಕೊಂಡು ಹೊರಟ್ರು. ಅವರು ಸಭಾಂಗಣಕ್ಕೆ ಕಾಲಿಟ್ಟಾಗ ಸ್ವಲ್ಪ ಹೊತ್ತು ಒಬ್ಬರ ಉಸಿರೂ ಇಲ್ವಂತೆ, ಆಮೇಲೆ ಯಾರೂ ಹೇಳದೇನೇ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೀತು. ಗಣಿತಕ್ಕೆ ಜನಾಂಗ ಅನ್ನೋದೇ ಗೊತ್ತಿಲ್ಲ ಅಂದ್ರು ಹಿಲ್ಬರ್ಟ್. ಇದನ್ನ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತೆ.

ಹಾಗಂತ ಕಥೆ ಮುಗೀಲಿಲ್ಲ. 1966ರಲ್ಲಿ ಮಾಸ್ಕೋ ಸಮ್ಮೇಳನಕ್ಕೆ ಬರಲ್ಲ ಅಂತ ಫ್ರಾನ್ಸ್‌ನಲ್ಲಿದ್ದ ಹೆಸರಾಂತ ಗಣಿತಜ್ಞ ಗ್ರೋಥೆಂಡೀಕ್ ತಾವೇ ದೂರ ಉಳಿದ್ರು, ಪೋಲೆಂಡ್‌ನಲ್ಲಿ ಮಾರ್ಷಲ್ ಲಾ ಬಂದು 1982ರ ವಾರ್ಸಾ ಸಮ್ಮೇಳನ ಒಂದು ವರ್ಷ ಮುಂದಕ್ಕೆ ಹೋಯ್ತು. ಭಾರತಕ್ಕೆ ಬರೋಕೆ ಇದಕ್ಕೆ 113 ವರ್ಷ ಬೇಕಾಯ್ತು, 2010ರ ಆಗಸ್ಟ್‌ನಲ್ಲಿ ಹೈದರಾಬಾದ್, ಬೆಂಗಳೂರಿಂದ ರಾತ್ರಿ ಬಸ್ ಹತ್ತಿದ್ರೆ ಬೆಳಿಗ್ಗೆ ಇಳಿಯೋ ದೂರ. ವಿಶ್ವನಾಥನ್ ಆನಂದ್ ಒಟ್ಟಿಗೇ 40 ಜನರ ಜೊತೆ ಚೆಸ್ ಆಡಿದ್ದು ಅಲ್ಲೇ.

ಇನ್ನೊಂದು ಊರಿನ ಮಾತು ಹೇಳಲೇಬೇಕು, ಹೆಲ್ಸಿಂಕಿ. 1978ರಲ್ಲಿ ಅಲ್ಲಿ ಫೀಲ್ಡ್ಸ್ ಮೆಡಲ್ ಘೋಷಣೆ ಆದಾಗ ಪದಕ ಗೆದ್ದಿದ್ದ ಸೋವಿಯತ್ ಗಣಿತಜ್ಞ ಗ್ರಿಗೊರಿ ಮಾರ್ಗುಲಿಸ್ ಬರ್ಲಿಲ್ಲ, ಸೋವಿಯತ್ ಸರ್ಕಾರ ಬಿಡ್ಲಿಲ್ಲ. ಅವರ ಕೆಲಸದ ಬಗ್ಗೆ ಮಾತಾಡೋಕೆ ನಿಂತ ಗಣಿತಜ್ಞ ಜಾಕ್ ಟಿಟ್ಸ್ ವೇದಿಕೆ ಮೇಲೆಯೇ ಬೇಜಾರು ತೋಡಿಕೊಂಡ್ರು. 2022ರಲ್ಲಿ ಸಮ್ಮೇಳನ ಆನ್‌ಲೈನ್ ಆದ್ರೂ ಪದಕ ಮಾತ್ರ ಕೈಗೇ ಕೊಡಬೇಕು ಅಂತ ಜುಲೈ 5ಕ್ಕೆ ಅದೇ ಹೆಲ್ಸಿಂಕಿಯಲ್ಲಿ ಸಮಾರಂಭ ಮಾಡಿದ್ರು. ಎಂಟು ಆಯಾಮದಲ್ಲಿ ಗೋಲಗಳನ್ನ ಅತೀ ಒತ್ತೊತ್ತಾಗಿ ಜೋಡಿಸೋದು ಹೇಗೆ ಅಂತ ಸಾಧಿಸಿದ ಮರೀನಾ ವ್ಯಾಜೊವ್ಸ್ಕಾ, ಈ ಪದಕ ಪಡೆದ ಎರಡನೇ ಹೆಣ್ಣುಮಗಳು, ಅಲ್ಲಿ ಎದ್ದು ಬಂದು ತಗೊಂಡ್ರು. ಅವರು ಹುಟ್ಟಿದ್ದು ಕೀವ್‌ನಲ್ಲಿ.