ಅಕ್ಷರ ಒಂದೇ ಇದ್ದರೆ ಸಾಲದು

ಏಳನೇ ತರಗತಿಯ ಬೀಜೋಕ್ತಿಗಳ (ಅಕ್ಷರ, ಸಂಖ್ಯೆ ಸೇರಿದ ಲೆಕ್ಕಗಳ) ಪಾಠದಲ್ಲಿ ಸಜಾತೀಯ ಪದಗಳು, ಅಂದರೆ 3ಅ, 5ಅ ತರಹ ಅಕ್ಷರದ ಭಾಗ ಒಂದೇ ಇರುವ ಪದಗಳು, ಬಂದಾಗ "3 ಮಾವು, 2 ಬಾಳೆ ಕೂಡಿಸೋಕಾಗುತ್ತಾ?" ಎಂದು ಶುರು ಮಾಡುವುದುಂಟು. ಆ ದಾರಿ ಬೇಡ. ಅಕ್ಷರ ಎಂದರೆ ವಸ್ತು ಎಂದು ಒಮ್ಮೆ ತಲೆಯಲ್ಲಿ ಕೂತರೆ, ಮುಂದೆ 2ಅ × 3ಅ = 6ಅ² ಬಂದಾಗ ಮಗು ಎಡವುತ್ತದೆ; ಮಾವನ್ನು ಮಾವಿನಿಂದ ಗುಣಿಸುವುದು ಹೇಗೆ? ಅಕ್ಷರ ನಿಂತಿರುವುದು ಸಂಖ್ಯೆಯ ಜಾಗದಲ್ಲಿ.

ದಾವಣಗೆರೆಯ ಮಕ್ಕಳಿಗೆ ಎಪಿಎಂಸಿ ಲೆಕ್ಕವೇ ಸಾಕು. ಒಂದು ಕ್ವಿಂಟಲ್ ಮೆಕ್ಕೆಜೋಳದ ಬೆಲೆ ಅ ರೂಪಾಯಿ ಎನ್ನೋಣ. ಬೆಳಿಗ್ಗೆ 3 ಕ್ವಿಂಟಲ್, ಮಧ್ಯಾಹ್ನ ಅದೇ ಬೆಲೆಗೆ 5 ಕ್ವಿಂಟಲ್ ಮಾರಿದರೆ ಬಂದ ಹಣ 3ಅ + 5ಅ, ಅಂದರೆ (3 + 5)ಅ = 8ಅ. ಬೆಲೆ ಏರಲಿ, ಇಳಿಯಲಿ, ಇದು ನಿಜ. ಶೇಂಗಾದ ಬೆಲೆ ಬೇರೆ; ಅದು ಬ ಆಗಲಿ. 3 ಕ್ವಿಂಟಲ್ ಮೆಕ್ಕೆಜೋಳಕ್ಕೆ, 5 ಕ್ವಿಂಟಲ್ ಶೇಂಗಾಕ್ಕೆ ಸೇರಿ 3ಅ + 5ಬ. ಅಲ್ಲಿಗೆ ಉತ್ತರ ಮುಗಿಯಿತು.

ಮಕ್ಕಳು 8ಅಬ ಎಂದು ಬರೆಯುವುದು ಇಲ್ಲೇ. ಅಷ್ಟು ವರ್ಷ + ಕಂಡಲ್ಲೆಲ್ಲ ಕೂಡಿಸಿ ಒಂದೇ ಸಂಖ್ಯೆ ಬರೆದು ರೂಢಿ. ನಡುವೆ + ಉಳಿದರೆ ಲೆಕ್ಕ ಅರ್ಧಕ್ಕೆ ನಿಂತಿತು ಅನಿಸುತ್ತದೆ. ನಿಯಮವನ್ನು ಮತ್ತೆ ಹೇಳುವುದಕ್ಕಿಂತ ಅಕ್ಷರದ ಜಾಗದಲ್ಲಿ ಒಂದು ಸಂಖ್ಯೆಯನ್ನು ಬೆಲೆಯಾಗಿ ಹಾಕಿಸಿ. ಅ = 3, ಬ = 5 ಆದಾಗ 3ಅ + 5ಬ = 9 + 25 = 34; 8ಅಬ ಮಾತ್ರ 120.

ತಾಳೆ ನೋಡಲು 0, 1, 2 ಬಳಸಬೇಡಿ. 3ಅ + ಅ² = 4ಅ² ಎಂಬ ತಪ್ಪು ಅ = 1 ಹಾಕಿದರೆ 4 = 4 ಎಂದು ಸರಿಯಾಗಿಯೇ ತೋರುತ್ತದೆ. ಅ + ಅ = ಅ² ಎಂಬುದು 2ಕ್ಕೆ ಹೊಂದಿಬಿಡುತ್ತದೆ. ಸೊನ್ನೆಯಂತೂ ಎರಡು ತಪ್ಪನ್ನೂ ಮುಚ್ಚಿಹಾಕುತ್ತದೆ. ಎರಡು ಅಕ್ಷರಗಳಿದ್ದರೆ ಎರಡಕ್ಕೂ ಬೇರೆ ಬೇರೆ ಬೆಲೆ ಕೊಡಿ.

ಸಜಾತೀಯ ಪದಗಳನ್ನು ಗುರುತಿಸುವಾಗ ಸಹಗುಣಕವನ್ನು, ಅಂದರೆ ಅಕ್ಷರದ ಮುಂದಿರುವ ಸಂಖ್ಯೆಯನ್ನು, ಬೆರಳಿಂದ ಮುಚ್ಚಿಸಿ. ಉಳಿದ ಭಾಗದಲ್ಲಿ ಅಕ್ಷರಗಳೂ ಅವುಗಳ ಘಾತಗಳೂ (ಅ² ಎಂಬಲ್ಲಿನ 2 ತರಹದವು) ಪೂರ್ತಿ ಒಂದೇ ಇರಬೇಕು. 4ಅಬ ಮತ್ತು −7ಬಅ ಸಜಾತೀಯ, ಏಕೆಂದರೆ ಗುಣಾಕಾರದಲ್ಲಿ ಕ್ರಮ ಬದಲಾದರೂ ಬೆಲೆ ಬದಲಾಗದು, ಕೂಡಿದರೆ −3ಅಬ. ಅ²ಬ ಮತ್ತು ಅಬ² ಹಾಗಲ್ಲ: ಮೇಲಿನ ಬೆಲೆಗಳಿಗೆ ಒಂದು 45, ಇನ್ನೊಂದು 75. ಬರೀ ಅ ಎಂದಿದ್ದರೆ ಸಹಗುಣಕ 1. ಅದು ಕಣ್ಣಿಗೆ ಕಾಣದ್ದರಿಂದಲೇ 4ಅ − ಅ = 4 ಎಂಬ ಉತ್ತರ ಹುಟ್ಟುವುದು; ಸರಿಯಾದದ್ದು 3ಅ.

ಹೆಚ್ಚು ಅಂಕ ಹೋಗುವುದು ಚಿಹ್ನೆಯಲ್ಲಿ. 8ಅ − 3ಬ − 5ಅ + ಬ ಎಂಬಲ್ಲಿ 5ಅ ಅನ್ನು 8ಅ ಪಕ್ಕಕ್ಕೆ ತರುವಾಗ ಮಗು ಅದರ − ಅನ್ನು ಅಲ್ಲೇ ಬಿಟ್ಟು 13ಅ ಮಾಡುತ್ತದೆ. ಪದದ ಎಡಗಡೆಯ ಚಿಹ್ನೆ ಆ ಪದದ್ದೇ, ಪದ ಹೋದಲ್ಲಿ ಅದೂ ಹೋಗಬೇಕು. ಆದ್ದರಿಂದ ಜೋಡಿಸುವ ಮೊದಲೇ ಚಿಹ್ನೆಯ ಸಮೇತ ಪ್ರತಿ ಪದಕ್ಕೂ ಸುತ್ತು ಹಾಕಿಸಿ: ಅ ಪದಗಳಿಗೆ ಗುಂಡು, ಬ ಪದಗಳಿಗೆ ಚೌಕ. ಆಮೇಲೆ (8 − 5)ಅ + (−3 + 1)ಬ = 3ಅ − 2ಬ. ಅ = 3, ಬ = 5ಕ್ಕೆ ಎರಡೂ ಕಡೆ −1.

ಆವರಣ ಇದ್ದರೆ ಮೊದಲು ಅದನ್ನು ಬಿಡಿಸಬೇಕು, ನಂತರವೇ ಗುರುತು. 6ಅ − (2ಅ − 5) ಎಂಬಲ್ಲಿ ಹೊರಗಿನ − ಒಳಗಿನ ಎರಡೂ ಪದಗಳ ಚಿಹ್ನೆ ಬದಲಿಸುತ್ತದೆ: 6ಅ − 2ಅ + 5 = 4ಅ + 5. ಮೊದಲನೆಯದನ್ನು ಮಾತ್ರ ಬದಲಿಸಿದವರಿಗೆ 4ಅ − 5 ಬಂದಿರುತ್ತದೆ. ಅ = 3 ಹಾಕಿ ನೋಡಲಿ: ಪ್ರಶ್ನೆಯ ಬೆಲೆ 17, ಅವರ ಉತ್ತರದ್ದು 7.