ಕಣ್ಣಿನ ನರ ಬ್ಲಾಕ್ ಆದರೆ ಆಪರೇಷನ್ ಮಾಡಿ ಬಿಡಿಸಬಹುದೇ?

ಪ್ರಶ್ನೆ: ಅಪ್ಪನಿಗೆ 62 ವರ್ಷ, ಬಿಪಿ ಇದೆ. ಬೆಳಿಗ್ಗೆ ಏಳುವಾಗ ಒಂದು ಕಣ್ಣು ಮಂಜಾಗಿತ್ತು. ‘ರೆಟಿನಾದ ನರ ಬ್ಲಾಕ್ ಆಗಿದೆ, ತಿಂಗಳಿಗೊಂದು ಇಂಜೆಕ್ಷನ್ ಬೇಕು’ ಎಂದಿದ್ದಾರೆ. ಹಾರ್ಟ್ ಬ್ಲಾಕ್ ತೆಗೆದ ಹಾಗೆ ಒಂದೇ ಸಲ ಆಪರೇಷನ್ ಮಾಡಬಾರದೇ?

ಉತ್ತರ: ‘ನರ’ ಎಂಬ ಮಾತೇ ಗೊಂದಲ ಹುಟ್ಟಿಸುತ್ತದೆ. ಕಟ್ಟಿರುವುದು ದೃಷ್ಟಿ ನರವಲ್ಲ, ರೆಟಿನಾದಿಂದ (ಕಣ್ಣಿನ ಹಿಂಬದಿಯ ನೋಟದ ಪರದೆ) ರಕ್ತವನ್ನು ಹೊರಗೊಯ್ಯುವ ಅಭಿಧಮನಿ. ಹೃದಯದ ರಕ್ತನಾಳ ಸುಮಾರು 3 ಮಿ.ಮೀ. ಅಗಲ, ಸ್ಟೆಂಟ್ ಹಿಡಿಯುತ್ತದೆ. ಇದಾದರೋ ಒಂದು ಮಿ.ಮೀ.ನ ಎಂಟನೇ ಒಂದು ಪಾಲಿನ ಆಸುಪಾಸು.

ಹಾಗೆಂದು ಯಾರೂ ಕೈಹಾಕಲಿಲ್ಲ ಎಂದಲ್ಲ. ಅಪಧಮನಿ, ಅಭಿಧಮನಿ ಒಂದನ್ನೊಂದು ದಾಟುವಲ್ಲಿ ಎರಡಕ್ಕೂ ಒಂದೇ ಹೊದಿಕೆ. ಬಿಪಿಯಿಂದ ಗಡುಸಾದ ಅಪಧಮನಿ ಕೆಳಗಿನ ಅಭಿಧಮನಿಯನ್ನು ಅದುಮುತ್ತದೆ. ಅಭಿಧಮನಿಯ ಕವಲು ಬ್ಲಾಕ್ ಆಗುವುದು ಹೆಚ್ಚಾಗಿ ಅಲ್ಲೇ. ಆ ಹೊದಿಕೆ ಸೀಳಿ ಎರಡನ್ನೂ ಬಿಡಿಸುವ ಶಸ್ತ್ರಚಿಕಿತ್ಸೆ 1988ರಲ್ಲಿ ವರದಿಯಾಯಿತು. ಮುಖ್ಯ ಅಭಿಧಮನಿಯೇ ಕಟ್ಟಿದರೆ ದೃಷ್ಟಿ ನರದ ಬುಡದಲ್ಲಿ, ಮೂಗಿನ ಕಡೆಯಿಂದ ಸಣ್ಣ ಸೀಳು ಹಾಕಿ ಬಿಗಿ ಸಡಿಲಿಸುವುದನ್ನು 2001ರಲ್ಲಿ ಪ್ರಕಟಿಸಿದರು. ಆದರೆ ಬ್ಲೇಡು ಕೊಂಚ ಸರಿದರೂ ರಕ್ತಸ್ರಾವ, ರೆಟಿನಾ ಹರಿಯುವುದು, ಪಕ್ಕದ ನೋಟ ಹೋಗುವುದು. ಇಷ್ಟು ಅಪಾಯಕ್ಕೆ ತಕ್ಕ ಲಾಭ ಕಾಣದೆ ಎರಡೂ ಹಿಂದೆ ಸರಿದವು.

ನೋಟ ಮಂಜಾಗಿಸುವುದು ಬಹುಪಾಲು ಬ್ಲಾಕ್‌ಗಿಂತ ಅದರಿಂದಾದ ಮ್ಯಾಕುಲಾದ (ಸ್ಪಷ್ಟ ನೋಟ ಕೊಡುವ ರೆಟಿನಾದ ನಡುಭಾಗ) ಊತ. ಇಂಜೆಕ್ಷನ್ ಇಳಿಸುವುದು ಅದನ್ನೇ. ಕಪ್ಪುಗುಡ್ಡೆಯ ಅಂಚಿನಿಂದ 3.5–4 ಮಿ.ಮೀ. ಹಿಂದೆ, ಬಿಳಿಗುಡ್ಡೆಯ ಮೂಲಕ 0.05 ಮಿ.ಲೀ. ಔಷಧಿ ಒಳಹೋಗುತ್ತದೆ. ಅದರ ಪ್ರಭಾವ ಕೆಲವು ವಾರವಷ್ಟೇ ಇರುವುದರಿಂದ ಮತ್ತೆ ಮತ್ತೆ ಬೇಕು. ಒಂದೆರಡು ಹಾಕಿಸಿ ನಿಲ್ಲಿಸುವವರಿಗೆ ಊತ ಮರಳುವುದೇ ಹೆಚ್ಚು. ಹಾಕಿಸಿದ ಒಂದು ವಾರದೊಳಗೆ ನೋವು, ಕೆಂಪು ಏರುತ್ತ ದೃಷ್ಟಿ ಇಳಿದರೆ ಸೋಂಕಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

ಆಪರೇಷನ್ ನಿಜಕ್ಕೂ ಬೇಕಾಗುವುದು ಬೇರೆ ಘಟ್ಟದಲ್ಲಿ. ರಕ್ತ ಸಾಲದ ರೆಟಿನಾದಲ್ಲಿ ಹೊಸ ದುರ್ಬಲ ನಾಳಗಳು ಹುಟ್ಟಿ ಒಡೆಯುತ್ತವೆ; ಕಣ್ಣೊಳಗೆ ನಿಂತ ರಕ್ತ ತಾನಾಗಿ ಕರಗದಿದ್ದರೆ, ಅಥವಾ ರೆಟಿನಾದ ಮೇಲೆ ಬೆಳೆದ ಪೊರೆ ಅದನ್ನು ಎಳೆದೆತ್ತಿದರೆ ವಿಟ್ರೆಕ್ಟಮಿ ಮಾಡುತ್ತಾರೆ. ಅರ್ಧ ಮಿ.ಮೀ.ನಷ್ಟು ಕಿರಿದಾದ ಮೂರು ರಂಧ್ರಗಳ ಮೂಲಕ ರಕ್ತ, ಲೋಳೆ ತೆಗೆದು ಒಳಗಿನಿಂದಲೇ ಲೇಸರ್ ಹಾಕುತ್ತಾರೆ. ಆಗಲೂ ಮೂಲ ಬ್ಲಾಕ್ ಇದ್ದಲ್ಲೇ ಇರುತ್ತದೆ.

ಮುಖ್ಯ ಅಭಿಧಮನಿ ಕಟ್ಟಿದ್ದರೆ ಮೊದಲ ಮೂರ್ನಾಲ್ಕು ತಿಂಗಳ ತಪಾಸಣೆ ತಪ್ಪಿಸಬೇಡಿ: ಆಗಲೇ ಕಣ್ಣಿನ ಮುಂಭಾಗದಲ್ಲಿ ಹೊಸ ನಾಳ ಬೆಳೆದು ಒತ್ತಡ ಏರಿ ನೋವಿನ ಗ್ಲಾಕೋಮಾ ಬರಬಹುದು.