ಚಕ್ರಗಳ ಜಗಳದಲ್ಲಿ ಬ್ಯಾಟರಿ ಬಡವಾಯ್ತು

ಹೆಬ್ರಿ ಕಡೆಯ ಒಂದು ತೋಟಕ್ಕೆ ಅಡಿಕೆ ಗೊನೆ ಹೊರುವ ನಾಲ್ಕು ಚಕ್ರದ ರೋಬೋಟ್ ಮಾಡಿಕೊಟ್ಟಿದ್ದೆ. ತೋಟ ಕೆಳಗೆ, ಅಂಗಳ ಮೇಲೆ, ನಡುವೆ ಮುರಕಲ್ಲಿನ ಏರುದಾರಿ. ಕೊಯ್ಲು ಶುರುವಾದ ವಾರದಲ್ಲೇ ಯಜಮಾನರ ಫೋನ್ ಬಂತು: "ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ. ದೊಡ್ಡ ಬ್ಯಾಟರಿ ಹಾಕಿಬಿಡುವ ಮಾರಾಯ್ರೆ."

ದೊಡ್ಡ ಬ್ಯಾಟರಿ ಎಂದರೆ ಭಾರವೂ ದೊಡ್ಡದು. ಮೊದಲು ಹೋಗಿ ಒಂದೊಂದೇ ಮೋಟಾರಿನ ಕರೆಂಟ್ ಅಳೆದೆ. ಸಮತಟ್ಟಾದ ಅಂಗಳದಲ್ಲಿ ನೇರ ಹೋಗುವಾಗಲೂ ಮುಂದಿನ ಮೋಟಾರುಗಳು ತಳ್ಳುತ್ತಿದ್ದವು, ಹಿಂದಿನವು ಬ್ರೇಕ್ ಹಿಡಿಯುತ್ತಿದ್ದವು! ಕಂಬಳದ ಜೋಡಿಯಲ್ಲಿ ಒಂದು ಕೋಣ ಓಡಿ, ಇನ್ನೊಂದು ನೊಗ ಹಿಂದಕ್ಕೆ ಜಗ್ಗಿದ ಹಾಗೆ.

ತಪ್ಪು ನನ್ನದೇ. ಪ್ರತಿ ಚಕ್ರಕ್ಕೂ ಪ್ರತ್ಯೇಕ ವೇಗ ನಿಯಂತ್ರಣ ಕೊಟ್ಟು, ನಾಲ್ಕಕ್ಕೂ ನಿಮಿಷಕ್ಕೆ ಇಷ್ಟೇ ಸುತ್ತು ಎಂದು ಒಂದೇ ಆರ್‌ಪಿಎಂ ಹೇಳಿದ್ದೆ. ಆದರೆ ಹಿಂದಿನ ಟಯರಿನಲ್ಲಿ ಗಾಳಿ ಕಡಿಮೆ, ಹಾಗಾಗಿ ಅದು ಉರುಳುವ ಸುತ್ತಳತೆಯೂ ಸ್ವಲ್ಪ ಕಡಿಮೆ. ನಾಲ್ಕೂ ಒಂದೇ ಆರ್‌ಪಿಎಂನಲ್ಲಿ ತಿರುಗಿದರೆ ದೊಡ್ಡ ಚಕ್ರ ಹೆಚ್ಚು ದೂರ ಹೋಗಬೇಕು, ಸಣ್ಣದು ಕಡಿಮೆ. ಗಾಡಿ ಮಾತ್ರ ಒಂದೇ. ಮುಂದಿನ, ಹಿಂದಿನ ಚಕ್ರಗಳ ಕಂಟ್ರೋಲರುಗಳು ಹಟ ಹಿಡಿದು, ಟಯರ್ ಜಾರುವವರೆಗೂ ಕರೆಂಟ್ ಏರಿಸುತ್ತವೆ. ಈಗ ವೇಗ ನಿಯಂತ್ರಣ ಎಡಬದಿಗೆ ಒಂದು, ಬಲಬದಿಗೆ ಒಂದು. ಅದು ಒಟ್ಟು ಎಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕೆಂದು ಹೇಳುತ್ತದೆ, ಆ ಬದಿಯ ಎರಡು ಮೋಟಾರುಗಳು ಅದನ್ನು ಹಂಚಿಕೊಳ್ಳುತ್ತವೆ.

ಹಂಚುವುದು ಹೇಗೆ? ಟಾರ್ಕ್ ಕರೆಂಟಿನಷ್ಟೇ ಏರುತ್ತದೆ, ಆದರೆ ಮೋಟಾರಿನ ತಂತಿ ಸುರುಳಿಯಲ್ಲಿ ಬಿಸಿಯಾಗಿ ಹೋಗುವ ಶಕ್ತಿ ಕರೆಂಟಿನ ವರ್ಗದಷ್ಟು ಏರುತ್ತದೆ. ಹೊರೆ ಸೇರಿ 60 ಕಿಲೋ ತೂಗುವ ಗಾಡಿ 10 ಡಿಗ್ರಿ ಏರು ಹತ್ತಲು ಸುಮಾರು 102 ನ್ಯೂಟನ್ ಬಲ ಬೇಕು. 10 ಸೆಂಟಿಮೀಟರ್ ತ್ರಿಜ್ಯದ ಚಕ್ರಕ್ಕೆ ಅದು 10 ನ್ಯೂಟನ್-ಮೀಟರ್ ಚಿಲ್ಲರೆ. ಗೇರ್ ದಾಟಿ ಚಕ್ರಕ್ಕೆ ಆಂಪಿಯರಿಗೆ ಒಂದು ನ್ಯೂಟನ್-ಮೀಟರ್ ಸಿಗುತ್ತದೆ, ಸುರುಳಿಯ ರೋಧ ಅರ್ಧ ಓಮ್ ಎಂದುಕೊಳ್ಳಿ. ಒಂದೇ ಮೋಟಾರ್ ಎಳೆದರೆ 50 ವಾಟ್ ಬಿಸಿಯಾಗಿ ಹೋಗುತ್ತದೆ, ಎರಡು ಹಂಚಿಕೊಂಡರೆ 25, ನಾಲ್ಕೂ ಹಂಚಿಕೊಂಡರೆ ಹನ್ನೆರಡೂವರೆ.

"ಸಮತಟ್ಟಿನಲ್ಲಿ ಎರಡು ಮೋಟಾರ್ ಆಫ್ ಮಾಡಿದರೆ ಉಳಿತಾಯವಲ್ಲವೇ?" ಎಂದು ಪ್ರಾಜೆಕ್ಟ್ ಮಾಡುವ ಹುಡುಗರು ಕೇಳುತ್ತಾರೆ. ಮೋಟಾರನ್ನು ಚಕ್ರದಿಂದ ಬಿಡಿಸುವ ಕ್ಲಚ್ ಇಲ್ಲದಿದ್ದರೆ ಆಫ್ ಆದ ಮೋಟಾರೂ ಗೇರಿನ ಘರ್ಷಣೆ ಹೊತ್ತು ತಿರುಗುತ್ತಲೇ ಇರುತ್ತದೆ. ಉಳಿಯುವುದು ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡಿನ ಪುಡಿ ಖರ್ಚು. ನಾನು ಆ ಗೋಜಿಗೆ ಹೋಗುವುದಿಲ್ಲ.

ಟಾರ್ಕನ್ನು ಸಮಪಾಲು ಹಂಚುವುದು ತಪ್ಪಾಗುವುದು ಒದ್ದೆ ಏರಿನಲ್ಲಿ. ಈ ಗಾಡಿಯ ಭಾರಕೇಂದ್ರ ನೆಲದಿಂದ 25 ಸೆಂಟಿಮೀಟರ್ ಮೇಲೆ, ಚಕ್ರಗಳ ನಡುವಿನ ಉದ್ದ 50. 10 ಡಿಗ್ರಿ ಏರಿನಲ್ಲಿ ಹಿಂದಿನ ಚಕ್ರಗಳ ಮೇಲೆ ಶೇ. 59 ಭಾರ ಬೀಳುತ್ತದೆ, ಮುಂದೆ ಶೇ. 41 ಮಾತ್ರ. ಪಾಚಿ ಹಿಡಿದ ಕಲ್ಲಿನ ಮೇಲೆ ಮುಂದಿನವು ಮೊದಲು ಜಾರುತ್ತವೆ. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹೋಗುವಾಗ ಅವು ಶೇ. 15 ಜಾರಿದರೆ ನಾಲ್ಕೂವರೆ ವಾಟ್ ನೆಲ ಉಜ್ಜುವುದಕ್ಕೇ ಹೋಯಿತು. ಟಾರ್ಕನ್ನು ಹಿಂದೆ 60, ಮುಂದೆ 40 ಎಂದು ಹಂಚಿದರೆ ಸುರುಳಿಯ ನಷ್ಟ ಹನ್ನೆರಡೂವರೆಯಿಂದ 13 ವಾಟ್‌ಗೆ ಏರುತ್ತದೆ, ಅಷ್ಟೆ. ಅರ್ಧ ವಾಟ್ ಕೊಟ್ಟು ಜಾರುವುದನ್ನು ತಡೆಯುವುದು ಒಳ್ಳೆಯ ವ್ಯಾಪಾರ. ಓರೆ ಎಷ್ಟೆಂದು ತಿಳಿಯಲು ಒಂದು ಅಗ್ಗದ ಸೆನ್ಸರ್ ಸಾಕು.

ಗಾಡಿ ತಿರುಗುವಾಗ ಚಕ್ರಗಳು ಅಡ್ಡಕ್ಕೆ ನೆಲ ಉಜ್ಜುವ ನಷ್ಟಕ್ಕೆ ಮದ್ದು ಸುಲಭ: ನಿಂತಲ್ಲೇ ಗಿರಕಿ ಹೊಡೆಸಬೇಡಿ, ಅಗಲವಾಗಿ ಬಳಸಿ ತಿರುಗಿಸಿ.

ಇಳಿಯುವಾಗ ಬ್ಯಾಟರಿಗೆ ಚಾರ್ಜ್ ವಾಪಸ್ ತರಲು ಆಗುವುದಿಲ್ಲವೇ ಎಂಬುದು ಯಜಮಾನರ ಪ್ರಶ್ನೆ. ಲೆಕ್ಕ ಹಾಕಿದೆವು. ಖಾಲಿ ಗಾಡಿ 35 ಕಿಲೋ, ಇಳಿತ 12 ಮೀಟರ್. ಗೇರಿನಲ್ಲಿ ಏನೂ ನಷ್ಟವಾಗದೆ ಬಂದರೂ ಒಂದು ಸಲಕ್ಕೆ ಸಿಗುವುದು ಒಂದು ವಾಟ್-ಅವರ್ ಚಿಲ್ಲರೆ. ಬ್ಯಾಟರಿ ಇರುವುದು 480 ವಾಟ್-ಅವರಿನದು. "ಅದು ಬೇಡ ಹಾಗಾದರೆ" ಎಂದರು. ಬದಲಿಗೆ ಟಯರಿನ ಗಾಳಿ ನೋಡುವ ಗೇಜ್ ತರಿಸಿದರು. ಅದು ಈಗ ಅಂಗಳದ ಕಂಬದಲ್ಲಿ ನೇತಾಡುತ್ತಾ ಉಂಟು.